ಸಾಲಾವಳಿ ಕೂಡಿತು, ರಕ್ತ ನೋಡಿದಿರಾ?

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ರಾಯಚೂರಿನಿಂದ ಅವ್ವನ ಫೋನ್ ಬಂತು. ಮಿಯಾಪುರದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಮಗಳಿಗೆ ಇಡ್ಲಿ ತಿನ್ನಿಸುತ್ತಾ ಸ್ಪೀಕರ್ ಹಾಕಿದೆ. ಅವ್ವನ ದನಿಯಲ್ಲಿ ಖುಷಿ ಇತ್ತು. "ಏನಪಾ, ಅಕ್ಕನ ಮಗಳಿಗೆ ಸಂಬಂಧ ಕೂಡಿ ಬಂತು ನೋಡು. ಹೊರಗಿನವರಲ್ಲ, ನಿಮ್ಮ ಚಿಗವ್ವನ ಮಗನ. ಸಾಲಾವಳಿ ಭಾಳ ಛಲೋ ಕೂಡೇತಿ. ಹಳೇ ಸಂಬಂಧ ಬಿಟ್ಟರ ಕಳ್ಳುಬಳ್ಳಿ ಹರದಂಗ."

ನಾನು "ಹೂಂ" ಅಂದೆ. ಮುಂದೆ ಮಾತು ಬರಲಿಲ್ಲ. ಕಾರಣ ಹೇಳಬೇಕಾದರೆ ಮನೆಯ ಕಥೆಯನ್ನು ಸ್ವಲ್ಪ ಹೇಳಲೇಬೇಕು. ಈ ಅಂಕಣ ಓದುವ ಅನೇಕರ ಮನೆಯಲ್ಲೂ ಇಂಥದ್ದೇ ಒಂದು ಕಥೆ ಇರುತ್ತದೆ ಎಂಬ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ನಮ್ಮಕ್ಕನನ್ನು ಕೊಟ್ಟಿದ್ದು ನಮ್ಮ ಸೋದರಮಾವನಿಗೆ, ಅಂದರೆ ಅವ್ವನ ಸ್ವಂತ ತಮ್ಮನಿಗೆ. ಮೊದಲು ಮಗಳು, ಎರಡು ವರ್ಷದ ಮೇಲೆ ಮಗ. ಮಗನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಅದು ಗೊತ್ತಾಗುವ ಹೊತ್ತಿಗೆ ಅವನಿಗೆ ಮೂರು ತುಂಬಿತ್ತು. ಅಲ್ಲಿಯ ತನಕ "ಗಂಡು ಮಕ್ಕಳು ತಡವಾಗಿ ಮಾತಾಡ್ತಾವ" ಅಂದವರು ಆಮೇಲೆ ಬಸುರಿಯಲ್ಲಿ ಗ್ರಹಣ ನೋಡಿದ್ದಳಂತೆ ಎಂದು ಅಕ್ಕನ ಮೇಲೆ ಹೇರಿದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಾವ ಮಗನನ್ನು ಎತ್ತಿಕೊಂಡು ಓಡಾಡಿದ್ದು ನನಗೆ ನೆನಪಿದೆ. ಆ ಹುಡುಗ ಈಗ ರಾಯಚೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನ ಕೈಗುಣ ಬಲ್ಲವರು ಬೇರೆ ಅಂಗಡಿಗೆ ಹೋಗುವುದಿಲ್ಲ. ಅವನ ಬದುಕಿನ ಬಗ್ಗೆ ಅಯ್ಯೋ ಪಾಪ ಅನ್ನುವ ಅಗತ್ಯ ಯಾರಿಗೂ ಇಲ್ಲ. ಆದರೆ ಮಾತು ಕಲಿಯಬೇಕಾದ ಮೊದಲ ಮೂರು ವರ್ಷ ಅವನ ಪಾಲಿಗೆ ಸುಮ್ಮನೆ ಕಳೆದುಹೋದವು. ಆ ಲೆಕ್ಕವನ್ನು ಯಾರೂ ತೀರಿಸಲಾಗುವುದಿಲ್ಲ.

ಐದು ವರ್ಷದ ಹಿಂದೆ ಅವ್ವ ಇದೇ ಅಕ್ಕನ ಮಗಳನ್ನು ನನಗೇ ತಂದುಕೊಳ್ಳುವ ಮಾತೆತ್ತಿದ್ದಳು. ಕಂಕುಳಲ್ಲಿ ಎತ್ತಿಕೊಂಡು ಜಾತ್ರೆ ತೋರಿಸಿದ ಹುಡುಗಿ, ನನಗೆ ಸಾಧ್ಯವೇ ಇಲ್ಲ ಅಂದೆ. ಅಕ್ಕ ಒಂದೂವರೆ ವರ್ಷ ನನ್ನ ಜೊತೆ ಮಾತು ಬಿಟ್ಟಳು. "ಎಂಟೆಕ್ ಮಾಡಿದ್ದಕ್ಕ ನಮ್ಮ ಹುಡುಗಿ ಬ್ಯಾಡಾದಳು" ಅಂದಳಂತೆ. ಹಾಗಾಗಿ ಈಗ ನಾನು ಬಾಯಿ ಬಿಟ್ಟರೆ ಅದು ಬುದ್ಧಿಮಾತು ಎಂದು ಯಾರಿಗೂ ಕೇಳಿಸುವುದಿಲ್ಲ, ಹಳೆಯ ಗಾಯವನ್ನು ಕೆದಕಿದ ಹಾಗೆ ಕೇಳಿಸುತ್ತದೆ.

ಸೋಮವಾರ ಆಫೀಸಿನ ಊಟದ ಟೇಬಲ್ಲಿನಲ್ಲಿ ವಿಷಯ ಬಂತು. ಹರಿಯಾಣದ ಗೆಳೆಯನ ಕೈಯ ತುತ್ತು ಅಲ್ಲೇ ನಿಂತಿತು. ಅವರಲ್ಲಿ ತಂದೆಯ ಗೋತ್ರ, ತಾಯಿಯ ಗೋತ್ರ ಎರಡನ್ನೂ ಬಿಟ್ಟು ಹೆಣ್ಣು ನೋಡುತ್ತಾರೆ, ಮಾವನ ಮಗಳೆಂದರೆ ತಂಗಿಯೇ. ಗುಂಟೂರಿನ ಗೆಳತಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ತೆಲುಗಿನಲ್ಲಿ ಇದಕ್ಕೆ ಮೇನರಿಕಂ ಎಂಬ ಹೆಸರೇ ಇದೆ. ಹಳೇ ಊರಿನ, ಚಾರ್ಮಿನಾರ್ ಕಡೆಯ ಗೆಳೆಯನಿಗೆ ನಮ್ಮ ನಿಯಮವೇ ವಿಚಿತ್ರವಾಗಿ ಕಂಡಿತು: "ಮಾವನ ಮಗಳು ಆಗುತ್ತಾಳೆ, ಚಿಕ್ಕಪ್ಪನ ಮಗಳು ಯಾಕೆ ಆಗಬಾರದು?" ಒಂದೇ ಟೇಬಲ್ಲು, ಮೂರು ನ್ಯಾಯ. ತಮಾಷೆ ಏನೆಂದರೆ ಜೀವಶಾಸ್ತ್ರದ ಲೆಕ್ಕದಲ್ಲಿ ಮಾವನ ಮಗಳು, ಅತ್ತೆಯ ಮಗಳು, ಚಿಕ್ಕಪ್ಪನ ಮಗಳು, ಚಿಗವ್ವನ ಮಗಳು ಎಲ್ಲರೂ ಒಂದೇ. ಎಲ್ಲರ ಜೊತೆಗೂ ನಾವು ಹಂಚಿಕೊಂಡಿರುವುದು ಸರಾಸರಿ ಎಂಟರಲ್ಲಿ ಒಂದು ಪಾಲು ವಂಶವಾಹಿ.

ಹಾಗಾದರೆ ಯಾರು ನಮ್ಮವರು, ಯಾರ ಜೊತೆ ಸಂಸಾರ ಹೂಡಬಾರದು ಎಂಬುದು ಪ್ರಾಣಿಗಳಿಗೆ ಹೇಗೆ ತಿಳಿಯುತ್ತದೆ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಒಬ್ಬರು ನಮ್ಮ ಬೆಂಗಳೂರಿನವರೇ. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಮತ್ತು ಅವರ ವಿದ್ಯಾರ್ಥಿಗಳು ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜದ ಹುಳುವಿನ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಕಿಟಕಿಯ ಮೂಲೆಯಲ್ಲಿ, ಸೂರಿನ ಕೆಳಗೆ ಕಾಗದದಂಥ ಗೂಡು ಕಟ್ಟುತ್ತದಲ್ಲ, ಅದೇ. ಒಂದು ಗೂಡಿನ ಕಣಜ ತನ್ನ ಗೂಡಿನವರನ್ನು ಗುರುತಿಸುತ್ತದೆ, ಹೊರಗಿನವರನ್ನು ಬೇರೆ ರೀತಿ ನಡೆಸಿಕೊಳ್ಳುತ್ತದೆ. ಆದರೆ ಹುಟ್ಟಿದ ಕೂಡಲೇ ಗೂಡಿನಿಂದ ಬೇರೆ ಮಾಡಿ ಸಾಕಿದ ಕಣಜಗಳಿಗೆ ಒಡಹುಟ್ಟಿದವರ ಗುರುತು ಹತ್ತಲಿಲ್ಲ. ತಮ್ಮ ಗೂಡು, ಗೂಡಿನವರ ಸಹವಾಸ ಸಿಕ್ಕಿದ್ದ ಕಣಜಗಳಿಗೆ ಹತ್ತಿತು. ಇನ್ನೊಂದು ಪ್ರಯೋಗದಲ್ಲಿ ಬೇರೆ ಗೂಡಿನ ಎಳೆಯ ಕಣಜಗಳನ್ನು ತಂದು ಬಿಟ್ಟರೆ ಈ ಗೂಡಿನವು ಸೇರಿಸಿಕೊಂಡವು. ಅಂದರೆ ಕಣಜ ಓದುತ್ತಿರುವುದು ರಕ್ತವನ್ನಲ್ಲ, ಮೈಗೆ ಹತ್ತಿದ ಗೂಡಿನ ವಾಸನೆಯನ್ನು. ಆ ವಾಸನೆಯೇ ಅದರ ಪಾಲಿನ ಗುರುತಿನ ಚೀಟಿ.

ದೊಡ್ಡ ಪ್ರಾಣಿಗಳಲ್ಲಿ ಇನ್ನೂ ಸರಳವಾದ ಉಪಾಯವಿದೆ: ಮನೆ ಬಿಡುವುದು. ನಾಗರಹೊಳೆ, ಬಂಡೀಪುರದ ಆನೆ ಹಿಂಡನ್ನು ನೋಡಿ. ಅಜ್ಜಿ, ಮಗಳು, ಮೊಮ್ಮಗಳು ಕೂಡಿ ಇರುತ್ತಾರೆ. ಗಂಡು ಮರಿ ಹರೆಯಕ್ಕೆ ಬಂದ ಮೇಲೆ ಹಿಂಡು ಬಿಟ್ಟು ಹೋಗುತ್ತದೆ. ಸಿಂಹದ ಗಂಡು ಮರಿಗಳು ಎರಡು ಮೂರು ವರ್ಷಕ್ಕೆ ಗುಂಪಿನಿಂದ ಹೊರಬೀಳುತ್ತವೆ. ನಮ್ಮ ದೇವಸ್ಥಾನಗಳ ಮುಂದೆ ಬಾಳೆಹಣ್ಣು ಕಸಿಯುವ ಕೋತಿಗಳಲ್ಲೂ ಹೆಣ್ಣು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತದೆ, ಗಂಡು ಬೇರೆ ಗುಂಪು ಹುಡುಕಿಕೊಂಡು ಹೋಗುತ್ತದೆ. ಇಲಿಗಳು ವಾಸನೆಯಿಂದಲೇ ಹತ್ತಿರದ ಸಂಬಂಧಿಯನ್ನು ಬೇರ್ಪಡಿಸಬಲ್ಲವು.

ಮನುಷ್ಯನಿಗೂ ಇಂಥದ್ದೊಂದು ಇದೆ ಎಂದು 1891ರಲ್ಲೇ ಫಿನ್ಲೆಂಡಿನ ಎಡ್ವರ್ಡ್ ವೆಸ್ಟರ್‌ಮಾರ್ಕ್ ಹೇಳಿದ. ಎಳವೆಯಲ್ಲಿ ಒಂದೇ ಮನೆಯಲ್ಲಿ ಕೂಡಿ ಬೆಳೆದವರಿಗೆ ದೊಡ್ಡವರಾದ ಮೇಲೆ ಪರಸ್ಪರ ಆ ರೀತಿಯ ಆಸೆ ಹುಟ್ಟುವುದಿಲ್ಲ ಎಂಬುದು ಅವನ ವಾದ. ಇಸ್ರೇಲಿನ ಕಿಬ್ಬುತ್ಸ್‌ಗಳಲ್ಲಿ ಬೇರೆ ಬೇರೆ ತಂದೆ ತಾಯಿಯ ಮಕ್ಕಳನ್ನು ಒಂದೇ ಶಿಶುವಿಹಾರದಲ್ಲಿ ಬೆಳೆಸುತ್ತಿದ್ದರು. ಅವರ ಮದುವೆಗಳ ದಾಖಲೆ ನೋಡಿದ ಜೋಸೆಫ್ ಶೆಫರ್‌ಗೆ, ಎಳವೆಯಿಂದ ಒಟ್ಟಿಗೆ ಬೆಳೆದ ಜೊತೆಗಾರರ ನಡುವೆ ಮದುವೆಗಳು ಹೆಚ್ಚುಕಡಿಮೆ ಆಗಿಯೇ ಇಲ್ಲ ಎಂಬುದು ಕಂಡಿತು. ರಕ್ತಸಂಬಂಧ ಇಲ್ಲದಿದ್ದರೂ ಮನಸ್ಸು ಅವರನ್ನು ಒಡಹುಟ್ಟಿದವರ ಸಾಲಿಗೆ ಸೇರಿಸಿಬಿಟ್ಟಿತ್ತು. ಅಕ್ಕನ ಮಗಳ ಮಾತು ಬಂದಾಗ ನನಗೆ ಆದದ್ದೂ ಅದೇ ಇರಬೇಕು. ಎಂಟೆಕ್ಕಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಆದರೆ ಪ್ರಕೃತಿ ಕೊಟ್ಟ ಈ ಎಚ್ಚರ ಮನೆಯ ಹೊಸ್ತಿಲ ತನಕ ಮಾತ್ರ. ಬೇರೆ ಊರಲ್ಲಿ ಬೆಳೆದು ಜಾತ್ರೆ, ಮದುವೆಯಲ್ಲಿ ಸಿಗುವ ಅತ್ತೆಯ ಮಗನನ್ನು ಅದು ಗುರುತಿಸುವುದಿಲ್ಲ. ಅಲ್ಲಿಂದಾಚೆಗೆ ನಮಗೆ ದಾರಿ ತೋರಿಸುವುದು ಭಾಷೆ. ಕನ್ನಡವನ್ನೇ ನೋಡಿ: ಅತ್ತೆ ಎಂದರೆ ಅಪ್ಪನ ತಂಗಿಯೂ ಹೌದು, ಗಂಡನ ತಾಯಿಯೂ ಹೌದು. ಮಾವ ಎಂದರೆ ಅವ್ವನ ತಮ್ಮನೂ ಹೌದು, ಹೆಂಡತಿಯ ಅಪ್ಪನೂ ಹೌದು. ಅಳಿಯ, ಸೊಸೆ ಎಂಬ ಮಾತುಗಳೂ ಹಾಗೆಯೇ. ಇತ್ತ ದೊಡ್ಡಪ್ಪನ ಮಗ ಅಣ್ಣ, ಚಿಗವ್ವನ ಮಗ ತಮ್ಮ, ಅಲ್ಲಿ ಮದುವೆಯ ಯೋಚನೆಯೂ ಪಾಪ. ಅದರ ಮೇಲೆ ಗೋತ್ರ, ಬೆಡಗು, ಬಳಿ. ಕಣಜಕ್ಕೆ ಗೂಡಿನ ವಾಸನೆ ಹೇಗೋ ನಮಗೆ ಈ ಹೆಸರುಗಳು ಹಾಗೆ, ಹುಟ್ಟಿದ ಮೇಲೆ ಮೈಗೆ ಹತ್ತಿದ ಗುರುತು. ಅದು ನಮ್ಮನ್ನು ಎಷ್ಟೋ ಕಡೆ ಕಾದಿದೆ, ನಿಜ. ಆದರೆ ಬೆಡಗು ತಂದೆಯ ಸಾಲನ್ನು ಮಾತ್ರ ಎಣಿಸುತ್ತದೆ. ತಾಯಿಯ ಕಡೆಯಿಂದ ಬಂದದ್ದು ಅದರ ಕಣ್ಣಿಗೆ ಬೀಳುವುದಿಲ್ಲ.

ಅಂದು ರಾತ್ರಿ ಮಗಳು ಮಲಗಿದ ಮೇಲೆ ಒಂದು ಹಾಳೆಯಲ್ಲಿ ನಮ್ಮ ವಂಶದ ನಕ್ಷೆ ಬರೆದೆ. ನಮ್ಮ ಕೆಲಸದಲ್ಲಿ ಯಾವ ಮಾಡ್ಯೂಲ್ ಯಾವುದನ್ನು ನೆಚ್ಚಿಕೊಂಡಿದೆ ಎಂದು ಬಾಣ ಎಳೆಯುತ್ತೇವಲ್ಲ, ಹಾಗೆ. ನಮ್ಮ ತಾತ, ಅಮ್ಮಮ್ಮನಿಗೆ ಮೂವರು ಮಕ್ಕಳು: ಅವ್ವ, ಮಾವ, ಚಿಗವ್ವ. ಹುಡುಗಿಗೆ ಮಾವ ಅಪ್ಪ. ಆ ದಾರಿಯಲ್ಲಿ ಚಿಗವ್ವನ ಮಗ ಅತ್ತೆಯ ಮಗ, ಹಂಚಿಕೊಂಡ ಪಾಲು 1/8. ಆದರೆ ಹುಡುಗಿಯ ತಾಯಿ ನಮ್ಮಕ್ಕ, ಅಂದರೆ ಅವ್ವನ ಮಗಳು. ಆ ದಾರಿಯಲ್ಲೂ ಅದೇ ತಾತ, ಅಮ್ಮಮ್ಮನೇ ಸಿಗುತ್ತಾರೆ. ಅಲ್ಲಿಂದ ಇನ್ನೊಂದು 1/16. ಕೂಡಿದರೆ 3/16. ಸಾಮಾನ್ಯ ಅತ್ತೆ ಮಗ, ಮಾವನ ಮಗಳ ಸಂಬಂಧದ ಒಂದೂವರೆ ಪಟ್ಟು. ಭಾಷೆಯ ಲೆಕ್ಕದಲ್ಲಿ ಮಾತ್ರ ಇದು ಡಬಲ್ ಶುಭ: ಅಪ್ಪನ ಕಡೆಯಿಂದ ಅವನು ಅತ್ತೆಯ ಮಗ, ಅವ್ವನ ಕಡೆಯಿಂದ ವರಸೆಯಲ್ಲಿ ಸೋದರಮಾವ. ಎರಡು ಕಡೆಯಿಂದಲೂ ಹಸಿರು ದೀಪ! ಬೆಡಗು ಬೇರೆ, ಸಾಲಾವಳಿಯೂ ಕೂಡಿದೆ.

ಇಲ್ಲಿ ಹೆದರಿಸುವುದು ನನ್ನ ಉದ್ದೇಶವಲ್ಲ. ಸಂಬಂಧವಿಲ್ಲದ ಗಂಡ ಹೆಂಡತಿಗೂ ಗಂಭೀರ ಹುಟ್ಟುದೋಷದ ಮಗುವಾಗುವ ಸಾಧ್ಯತೆ ನೂರಕ್ಕೆ ಎರಡು ಮೂರು ಇರುತ್ತದೆ. ಅತ್ತೆ ಮಗ, ಮಾವನ ಮಗಳಾದರೆ ಅದಕ್ಕೆ ಇನ್ನೂ ಎರಡು ಮೂರು ಸೇರುತ್ತದೆ. ಅಂದರೆ ಇಂಥ ಮದುವೆಗಳಲ್ಲಿ ಹುಟ್ಟುವ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. "ನಮ್ಮಲ್ಲಿ ನಾಲ್ಕು ತಲೆಮಾರಿನಿಂದ ನಡೆದಿದೆ, ಏನಾಗಿದೆ?" ಎಂದು ಹಿರಿಯರು ಕೇಳುವುದು ಸುಳ್ಳಲ್ಲ. ಹೊಲ ಒಡೆಯುವುದಿಲ್ಲ, ವರದಕ್ಷಿಣೆಯ ಹಿಂಸೆ ಕಡಿಮೆ, ಹುಡುಗಿ ಕಂಡ ಮನೆಗೇ ಹೋಗುತ್ತಾಳೆ ಎಂಬ ಕಾರಣಗಳೂ ಸುಳ್ಳಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ, ಅಕ್ಕನ ಮಗಳ ಮದುವೆಯನ್ನು ನಿಷೇಧಿತ ಸಂಬಂಧಗಳ ಪಟ್ಟಿಗೆ ಸೇರಿಸಿದರೂ ರೂಢಿ ಇದ್ದಲ್ಲಿ ವಿನಾಯಿತಿ ಕೊಟ್ಟಿದ್ದು ಇದೇ ಕಾರಣಕ್ಕೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಅಲನ್ ಬಿಟಲ್ಸ್ ಮೊದಲಾದವರು ಅಧ್ಯಯನ ಮಾಡಿದಾಗ ಸುಮಾರು ಮೂರರಲ್ಲಿ ಒಂದು ಮಗುವಿನ ತಂದೆ ತಾಯಿ ರಕ್ತಸಂಬಂಧಿಗಳಾಗಿದ್ದರು. ಅದರಲ್ಲೂ ಸೋದರಮಾವನ ಸಂಬಂಧವೇ ಹೆಚ್ಚು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಪಾಲು ಶೇ 27ರ ಆಸುಪಾಸಿನಲ್ಲಿದೆ, ದೇಶದ ಸರಾಸರಿ ಶೇ 11. ಇಷ್ಟು ಜನರ ಬದುಕನ್ನು ಮೌಢ್ಯ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಅನ್ಯಾಯ.

ಆದರೆ ಸರಾಸರಿ ಬೇರೆ, ನಮ್ಮ ಮನೆ ಬೇರೆ. ನಮ್ಮ ಮನೆಯಲ್ಲಿ ಒಂದು ಸುಳಿವು ಈಗಾಗಲೇ ಸಿಕ್ಕಿದೆ. ಅಳಿಯನ ಕಿವುಡಿಗೆ ಕಾರಣ ಕನೆಕ್ಸಿನ್ 26 ಎಂಬ ಪ್ರೋಟೀನಿನ ವಂಶವಾಹಿಯ ದೋಷ ಎಂದು ಎರಡು ವರ್ಷದ ಹಿಂದೆ ಹೈದರಾಬಾದಿನಲ್ಲಿ ಮಾಡಿಸಿದ ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಹುಟ್ಟುಕಿವುಡಿಗೆ ಇದು ಬಹಳ ಸಾಮಾನ್ಯವಾದ ಕಾರಣ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಕೆಟ್ಟ ಪ್ರತಿ ಸೇರಿದರೆ ಮಾತ್ರ ಕಿವಿ ಕೇಳುವುದಿಲ್ಲ. ಒಂದೇ ಕೆಟ್ಟ ಪ್ರತಿ ಇದ್ದವರು ವಾಹಕರು. ಅವರಿಗೆ ಏನೂ ತೊಂದರೆ ಇಲ್ಲ, ಗೊತ್ತೂ ಆಗುವುದಿಲ್ಲ.

ಈಗ ಲೆಕ್ಕ ಹಾಕಿ. ಅಕ್ಕ, ಮಾವ ಇಬ್ಬರೂ ವಾಹಕರು. ಅವರ ಮಗಳು ವಾಹಕಿಯಾಗಿರುವ ಸಾಧ್ಯತೆ ಮೂರರಲ್ಲಿ ಎರಡು. ದೋಷ ತಾತನಿಂದಲೋ ಅಮ್ಮಮ್ಮನಿಂದಲೋ ಬಂದದ್ದು ಎಂದಿಟ್ಟುಕೊಂಡರೆ ಚಿಗವ್ವನಿಗೆ ಇರುವ ಸಾಧ್ಯತೆ ಎರಡರಲ್ಲಿ ಒಂದು, ಅವಳ ಮಗನಿಗೆ ನಾಲ್ಕರಲ್ಲಿ ಒಂದು. ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು. ಎಲ್ಲ ಗುಣಿಸಿದರೆ 24ರಲ್ಲಿ 1. ಇದು ಮನೆಯಲ್ಲಿ ಕೂತು ಹಾಕಿದ ಅಂದಾಜು. ಒಂದು ಟ್ಯೂಬ್ ರಕ್ತ ಕೊಟ್ಟರೆ ಅಂದಾಜು ಹೋಗಿ ಉತ್ತರ ಬರುತ್ತದೆ.

ಮರುವಾರ ಹುಡುಗಿಯೇ ಫೋನ್ ಮಾಡಿದಳು. "ಮಾಮಾ, ನನಗ ಅವ ಇಷ್ಟ. ಆದ್ರ ನೀವು ಏನೋ ಮುಚ್ಚಿಡಾಕತ್ತೀರಿ. ಹೇಳ್ರಿ." ನಕ್ಷೆಯ ಫೋಟೋ ಕಳಿಸಿದೆ. ಬಿ.ಎಸ್ಸಿ ಓದಿದ ಹುಡುಗಿ, ಹತ್ತು ನಿಮಿಷದಲ್ಲಿ ಅರ್ಥ ಮಾಡಿಕೊಂಡಳು. ಆಮೇಲೆ ಅವಳು ಹೇಳಿದ ಮಾತು ನಾನು ಓದಿದ್ದಕ್ಕಿಂತ ದೊಡ್ಡದು: "ತಮ್ಮನಂಥ ಮಗಾ ಹುಟ್ಟಿದರ ನನಗೇನ ಬ್ಯಾಸರಿಲ್ಲ. ಆದ್ರ ಅವನಂಗ ಮೂರು ವರ್ಷ ಹಾಳಾಗಬಾರದು. ಮೊದಲ ಗೊತ್ತಿರಬೇಕು." ಹುಟ್ಟಿದ ವಾರದಲ್ಲೇ ಕಿವಿಯ ತಪಾಸಣೆ ಮಾಡಿಸಿ, ತಿಂಗಳುಗಳೊಳಗೆ ಶ್ರವಣ ಸಾಧನ, ತರಬೇತಿ ಶುರುವಾದರೆ ಮಗುವಿನ ದಾರಿಯೇ ಬೇರೆ. ಪರೀಕ್ಷೆಯ ಅರ್ಥ ಮದುವೆ ಮುರಿಯುವುದು ಎಂದುಕೊಂಡಿದ್ದ ನನ್ನನ್ನು ಅವಳು ತಿದ್ದಿದಳು.

ಅವಳು ಹೈದರಾಬಾದಿಗೆ ಬಂದಳು. ಅವಳ ಜೊತೆ ನಾನೂ, ನನ್ನ ಹೆಂಡತಿಯೂ ರಕ್ತ ಕೊಟ್ಟೆವು. ಫಲಿತಾಂಶ ಬಂತು: ಅವಳು ವಾಹಕಿ. ನಾನೂ ವಾಹಕ. ನನ್ನ ಹೆಂಡತಿ ಅಲ್ಲ. ಐದು ವರ್ಷದ ಹಿಂದೆ ಅವ್ವನ ಮಾತಿಗೆ ಹೂಂ ಅಂದಿದ್ದರೆ ನಮ್ಮ ಪ್ರತಿ ಮಗುವಿನ ಮೇಲೂ ನಾಲ್ಕರಲ್ಲಿ ಒಂದರ ಲೆಕ್ಕ ಕೂತಿರುತ್ತಿತ್ತು. ಅದನ್ನು ತಪ್ಪಿಸಿದ್ದು ನನ್ನ ಜಾಣತನವಲ್ಲ, ಕಂಕುಳಲ್ಲಿ ಎತ್ತಿ ಆಡಿಸಿದ ನೆನಪು.

ಈಗ ಉಳಿದಿರುವುದು ಹುಡುಗನ ಪರೀಕ್ಷೆ. ಅವನು ಬೆಂಗಳೂರಿನಲ್ಲಿದ್ದಾನೆ, ಒಪ್ಪಿದ್ದಾನೆ. ಚಿಗವ್ವ ಒಪ್ಪುತ್ತಿಲ್ಲ. "ನಮ್ಮ ಹುಡುಗಗ ಏನಾಗೇತಿ ಅಂತ ರಕ್ತ ತಗಸ್ತೀರಿ? ದೋಷ ಇದ್ದರ ನಿಮ್ಮ ಕಡೆ ಇರಬೇಕು." ಜಾತಕ ಕೊಡಲು ಯಾರಿಗೂ ಅವಮಾನವಿಲ್ಲ. ರಕ್ತ ಕೊಡಲು ಇದೆ. ಯಾಕೆಂದರೆ ಜಾತಕದ ದೋಷಕ್ಕೆ ಶಾಂತಿ ಮಾಡಿಸಿ ಮುಗಿಸಬಹುದು, ರಕ್ತದ ದೋಷ ಮನೆತನಕ್ಕೆ ಅಂಟುತ್ತದೆ ಎಂಬ ಭಯ. ಅದರಲ್ಲೂ ಹೆಣ್ಣಿಗೆ ಅಂಟಿದರೆ ಬಿಡುವುದೇ ಇಲ್ಲ.

ವಲಸೆ ಬಂದ ನಮ್ಮಂಥವರು ಇಲ್ಲಿ ಒಂದು ಮಾತು ಗಮನಿಸಬೇಕು. ಸೋದರಿಕೆ ಬಿಟ್ಟು ಮ್ಯಾಟ್ರಿಮೊನಿ ಸೈಟಿನಲ್ಲಿ ಸ್ವಜಾತಿಯ, ಬೇರೆ ಗೋತ್ರದ, ಬೇರೆ ಜಿಲ್ಲೆಯ ಸಂಗಾತಿಯನ್ನು ಹುಡುಕಿದರೆ ಕಥೆ ಮುಗಿಯಿತು ಎಂದುಕೊಂಡಿದ್ದೇವೆ. ನಮ್ಮ ಮನೆಯಿಂದ ಮೆಟ್ರೋ ಹಿಡಿದು ಹೋದರೆ ಸಿಗುವ ಹಬ್ಸಿಗುಡದ ಸಿಸಿಎಂಬಿ ವಿಜ್ಞಾನಿಗಳು ಬೇರೆ ಮಾತು ಹೇಳುತ್ತಾರೆ. ಕೆ. ತಂಗರಾಜ್ ಮತ್ತು ಅಮೆರಿಕದ ಡೇವಿಡ್ ರೈಕ್ ತಂಡಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳ ಪೈಕಿ 81 ಸಮುದಾಯಗಳು, ಬಹಳ ಹಿಂದೆ ಕೆಲವೇ ಪೂರ್ವಜರಿಂದ ಬೆಳೆದು ಒಳಗೊಳಗೇ ಮದುವೆ ಮಾಡಿಕೊಂಡು ಬಂದಂಥವು ಎಂದು ಕಂಡಿತು. ಈ ವಿಷಯದಲ್ಲಿ ಹೆಸರಾದ ಫಿನ್ಲೆಂಡಿನವರು, ಅಶ್ಕೆನಾಜಿ ಯಹೂದಿಗಳಿಗಿಂತಲೂ ಇವುಗಳಲ್ಲಿ ಆ ಪರಿಣಾಮ ಹೆಚ್ಚು. ತೆಲುಗು ನಾಡಿನ ವೈಶ್ಯ ಸಮುದಾಯದ ಉದಾಹರಣೆ ವೈದ್ಯರಿಗೆಲ್ಲ ಗೊತ್ತು: ಅರಿವಳಿಕೆ ಕೊಡುವಾಗ ಬಳಸುವ ಕೆಲವು ಸ್ನಾಯು ಸಡಿಲಿಸುವ ಔಷಧಿಗಳನ್ನು ಕರಗಿಸುವ ಕಿಣ್ವದ ಕೊರತೆ ಅಲ್ಲಿ ಬಹಳ ಹೆಚ್ಚು. ಗೊತ್ತಿದ್ದರೆ ಬೇರೆ ಔಷಧಿ ಕೊಡುತ್ತಾರೆ, ಅಷ್ಟೇ. ಕೆರೆ ಎಷ್ಟೇ ದೊಡ್ಡದಿರಲಿ, ನೀರು ಅದೇ. ಗೋತ್ರ ಬದಲಾದ ಮಾತ್ರಕ್ಕೆ ಕೆರೆ ಬದಲಾಗುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಕಾನೂನು ತಂದು ಮದುವೆ ತಡೆಯಿರಿ ಎಂದು ನಾನು ಹೇಳುವುದಿಲ್ಲ. ಅಮೆರಿಕದ ಸಂಪ್ರದಾಯಸ್ಥ ಯಹೂದಿಗಳ ಒಂದು ಉಪಾಯ ನಮಗೆ ಹಿಡಿಸಬಹುದು. ಟೇ ಸ್ಯಾಕ್ಸ್ ಎಂಬ ವಂಶವಾಹಿ ಕಾಯಿಲೆಗೆ ತನ್ನ ನಾಲ್ಕು ಮಕ್ಕಳನ್ನು ಕಳೆದುಕೊಂಡ ಜೋಸೆಫ್ ಎಕ್‌ಸ್ಟೈನ್ ಎಂಬ ಧರ್ಮಗುರು 1983ರಲ್ಲಿ ದೋರ್ ಯೆಶೋರಿಮ್ ಎಂಬ ಸಂಸ್ಥೆ ಶುರು ಮಾಡಿದರು. ಹುಡುಗ ಹುಡುಗಿಯರು ಮೊದಲೇ ರಕ್ತ ಕೊಡುತ್ತಾರೆ. ಫಲಿತಾಂಶ ಯಾರ ಕೈಗೂ ಸಿಗುವುದಿಲ್ಲ, ಒಂದು ಕೋಡ್ ನಂಬರ್ ಮಾತ್ರ ಸಿಗುತ್ತದೆ. ಸಂಬಂಧ ಕುದುರುವ ಹೊತ್ತಿಗೆ ಎರಡೂ ನಂಬರ್ ಕೊಟ್ಟರೆ ಇಬ್ಬರೂ ಒಂದೇ ದೋಷದ ವಾಹಕರೇ ಎಂಬುದನ್ನಷ್ಟೇ ಹೇಳುತ್ತಾರೆ. ಯಾರ ಮನೆತನಕ್ಕೂ ಹೆಸರು ಹತ್ತುವುದಿಲ್ಲ. ಸಾಫ್ಟ್‌ವೇರಿನವರು ಪಾಸ್‌ವರ್ಡ್ ಕಾಯುವ ರೀತಿಯೂ ಇದೇ: ಗುಟ್ಟು ಹೊರಬೀಳಬಾರದು, ಹೊಂದಾಣಿಕೆ ಮಾತ್ರ ತಿಳಿಯಬೇಕು. ಸಾಲಾವಳಿ ನೋಡುವ ನಾಡಿಗೆ ಇದು ಹೊಸದೂ ಅಲ್ಲ. ಎರಡು ಹಾಳೆ ಕೂಡಿಸಿ ನೋಡುವುದು ನಮಗೆ ಅಭ್ಯಾಸವೇ ಇದೆ, ಮೂರನೆಯ ಹಾಳೆ ಒಂದು ಸೇರಬೇಕು. ನಮ್ಮ ಸಮುದಾಯಗಳ ಸಂಘಗಳು ವಧೂವರರ ಸಮಾವೇಶ ನಡೆಸುತ್ತವಲ್ಲ, ಅಲ್ಲೇ ಒಬ್ಬ ಆನುವಂಶಿಕ ಸಲಹೆಗಾರರನ್ನು ಕೂರಿಸಲಿ. ಹೊರನಾಡಿನ ಕನ್ನಡ ಸಂಘಗಳೂ ರಾಜ್ಯೋತ್ಸವದ ಜೊತೆ ಇದನ್ನು ಮಾಡಬಹುದು. ಹತ್ತಿರದ ಸಂಬಂಧದಲ್ಲಿ ಮದುವೆಯಾದವರು, ಮನೆಯಲ್ಲಿ ಕಾಯಿಲೆಯ ಸುಳಿವಿರುವವರು ಮೊದಲು ಬರಲಿ. ಹುಟ್ಟಿದ ಪ್ರತಿ ಮಗುವಿಗೂ ಕಿವಿಯ ತಪಾಸಣೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಲಿ.

ಈ ಶನಿವಾರ ಬೆಳಿಗ್ಗೆ ಎಂಜಿಬಿಎಸ್‌ನಿಂದ ರಾಯಚೂರು ಬಸ್ಸು ಹತ್ತುತ್ತಿದ್ದೇನೆ. ಚಿಗವ್ವನ ಮನೆಗೆ ಹೋಗಬೇಕು. ಹುಡುಗಿಯ ರಿಪೋರ್ಟ್ ಒಯ್ಯುವುದಿಲ್ಲ, ಅದು ಅವಳದು. ನನ್ನ ರಿಪೋರ್ಟನ್ನು ಒಯ್ಯುತ್ತೇನೆ. "ನೋಡವ್ವಾ, ದೋಷ ನನ್ನ ಕಡೆನೂ ಐತಿ, ನಾನು ಆರಾಮ ಅದೀನಿ" ಎಂದು ಮೊದಲು ಅದನ್ನೇ ಅವಳ ಕೈಗಿಡುತ್ತೇನೆ. ಅಕ್ಕ ಕೂಡ ಬರುತ್ತಾಳಂತೆ. ಇಪ್ಪತ್ತು ವರ್ಷ ಗ್ರಹಣದ ಮಾತು ಕೇಳಿದವಳು ಅವಳು. ಅದು ಗ್ರಹಣವಲ್ಲ, ಯಾರ ತಪ್ಪೂ ಅಲ್ಲ ಎಂದು ಎಲ್ಲರೆದುರು ಗಟ್ಟಿಯಾಗಿ ಹೇಳುವುದು ನನ್ನ ಮೊದಲ ಕೆಲಸ. ಮದುವೆಯ ಮಾತು ಆಮೇಲೆ.